ನೀಳ ಕೂದಲು ಬೇಕೇ? ತುದಿಯನ್ನು ಕಾಪಾಡಿ

ಕೂದಲು ಉದ್ದವಾಗುತ್ತಿಲ್ಲವೆಂದು ಎಣ್ಣೆ ಬದಲಿಸುತ್ತಲೇ ಇದ್ದೀರಾ? ಕೂದಲು ತಿಂಗಳಿಗೆ ಸುಮಾರು 1 ಸೆ.ಮೀ. ಬೆಳೆಯುತ್ತದೆ. ಸೊಂಟ ಮುಟ್ಟುವ ಜಡೆಯ ತುದಿಗೆ ಐದಾರು ವರ್ಷ ವಯಸ್ಸಾಗಿರುತ್ತದೆ. ಬುಡದಲ್ಲಿ ಬೆಳೆದಷ್ಟೂ ತುದಿಯಲ್ಲಿ ತುಂಡಾದರೆ ಉದ್ದ ಬರುವುದೆಲ್ಲಿಂದ?

ಬೆಳಗಿನ ಅವಸರದಲ್ಲಿ ಒದ್ದೆ ಕೂದಲನ್ನೇ ಬಿಗಿಯಾಗಿ ತುರುಬು ಕಟ್ಟಿ, ಮೇಲೆ ಸ್ಕಾರ್ಫ್ ಸುತ್ತಿಕೊಳ್ಳುವವರು ನಮ್ಮಲ್ಲಿ ಬಹಳ. (ನಾನೂ ಅದೇ ಸಾಲಿನವಳು!) ನೆನೆದ ಕೂದಲು ಎಳೆದರೆ ಬೇಗ ತುಂಡಾಗುತ್ತದೆ. ದಿನವೂ ಎಳೆದು ಕಟ್ಟಿದರೆ ಹಣೆಯಂಚಿನ ಕೂದಲು ತೆಳುವಾಗುತ್ತದೆ. ಸಾಧ್ಯವಾದರೆ ಹೊರಗೆ ಹೋಗದ ಹೊತ್ತಿನಲ್ಲಿ ತಲೆಸ್ನಾನ ಮಾಡಿ. ಅದಕ್ಕೆ ಮುನ್ನ ತುದಿಯವರೆಗೂ ತೆಂಗಿನೆಣ್ಣೆ ಸವರಿ. ಅದು ಕೂದಲಿನೊಳಗೆ ಇಳಿದು ಸವೆತ ತಗ್ಗಿಸುತ್ತದೆ. ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ಮೊದಲು ತುದಿಯ ಸಿಕ್ಕು ಬಿಡಿಸಿ, ನಿಧಾನವಾಗಿ ಮೇಲಕ್ಕೆ ಬನ್ನಿ. ಸ್ಕಾರ್ಫಿನೊಳಗೆ ಸಡಿಲ ಜಡೆ ಸಾಕು.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಹೆರಿಗೆಯಾಗಿ ಮೂರ್ನಾಲ್ಕು ತಿಂಗಳಿಗೆ ಹಿಡಿಹಿಡಿಯಾಗಿ ಉದುರಿದರೂ ಗಾಬರಿಯಾಗಬೇಡಿ, ಸಾಮಾನ್ಯವಾಗಿ ವರ್ಷದೊಳಗೆ ಮತ್ತೆ ಬರುತ್ತದೆ. ಆದರೆ ಜೊತೆಗೆ ಸುಸ್ತು, ಏದುಸಿರು ಇದ್ದರೆ ಕಬ್ಬಿಣಾಂಶದ ಕೊರತೆಯಿರಬಹುದು. ಹೊಸ ಎಣ್ಣೆಯ ದುಡ್ಡಿನಲ್ಲಿ ಮೊದಲು ರಕ್ತ ಪರೀಕ್ಷೆ ಮಾಡಿಸಿ, ವೈದ್ಯರಿಗೆ ತೋರಿಸಿ.