ಮೂಗಿಗಿಂತ ಮೂಗುತಿ ಭಾರ: ಕೊಟ್ಟಿಗೆಯ ಯೆಜ್ಡಿ ಕೊಳ್ಳೋ ಮುನ್ನ...

ದೊಡ್ಡ ಶ್ರೀಮಂತರಿಗೆ ಹಳೇ ಸ್ಪೋರ್ಟ್ಸ್ ಕಾರಿನ ಹುಚ್ಚಾದರೆ, ನಮ್ಮ ಕಡೆಯವರಿಗೆ ಹಳೇ ಯೆಜ್ಡಿ ಹುಚ್ಚು. ಚನ್ನಗಿರಿಯಲ್ಲಿ ಅಡಿಕೆ, ಜಗಳೂರಲ್ಲಿ ಮೆಕ್ಕೆಜೋಳದ ದುಡ್ಡು ಕೈಗೆ ಬರೋದೇ ತಡ, "ಅಣ್ಣಾ, ನ್ಯಾಮತಿ ಹತ್ರ ಕೊಟ್ಟಿಗೇಲಿ ಒಂದು ರೋಡ್‌ಕಿಂಗ್ ಬಿದ್ದೈತಂತೆ, ಚಿಲ್ಲರೆ ರೇಟು" ಅನ್ನೋ ಸುದ್ದಿ ಕಿವಿಗೆ ಬೀಳುತ್ತದೆ. ಅಲ್ಲಿಗೆ ನಿದ್ದೆ ಹೋಯಿತು!

ಆಸೆ ತಪ್ಪಲ್ಲ ಸ್ವಾಮಿ. ಗಾಡಿ ನಮ್ಮ ರಾಜ್ಯದ್ದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಲ್ಲಿ ಮೋಟಾರ್ ಸೈಕಲ್ ತಯಾರಿಸಿ, 1996ರಲ್ಲಿ ಬಾಗಿಲು ಹಾಕಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮರಳಿ ಬಂದದ್ದೇನೋ ನಿಜ. ಆದರೆ ಅವು ಫೋರ್ ಸ್ಟ್ರೋಕ್. ಅವುಗಳ ಎಂಜಿನ್ ಸಾಮಾನು ಹಳೇ ಟೂ ಸ್ಟ್ರೋಕ್ ಗಾಡಿಗೆ ಕೂರೋದಿಲ್ಲ.

ವರ್ಷಗಟ್ಟಲೆ ನಿಂತ ಗಾಡಿಯ ಟ್ಯಾಂಕಿನೊಳಗೆ ತುಕ್ಕು ಕಟ್ಟಿರುತ್ತದೆ. ಕಿಕ್ಕರ್ ಕೆಳಗಿಳಿಯದಿದ್ದರೆ ಪಿಸ್ಟನ್ ಹಿಡಿದಿರಬಹುದು. ಆಗ ಎಂಜಿನ್ ಬಿಚ್ಚಿಸಿ, ಬೋರು, ಪಿಸ್ಟನ್, ಕ್ರ್ಯಾಂಕ್ ಎಲ್ಲಾ ನೋಡಿಸಬೇಕು. ಆಮೇಲೆ ಕ್ರೋಮು, ಪೇಂಟು, ಟೈರು, ವೈರಿಂಗು. ಕೊಟ್ಟಿಗೆಯಲ್ಲಿ ಕೊಟ್ಟದ್ದು ಬರೀ ಮುಂಗಡ, ಅಸಲು ಬಿಲ್ಲು ಗ್ಯಾರೇಜಿನಲ್ಲಿ!

ಅದಕ್ಕಿಂತ ದೊಡ್ಡ ತೊಡಕು ಕಾಗದದ್ದು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮುಂಚೆ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. ಹೀಗಾಗಿ ಗಾಡಿಯ ಮೂಲ ದಾಖಲೆ ಹಳೇ ಜಿಲ್ಲೆಯ ಆರ್‌ಟಿಓ ಕಚೇರಿಯಲ್ಲೇ ಉಳಿದಿರಬಹುದು. ಆರ್.ಸಿ.ಯಲ್ಲಿ ಹೆಸರಿರುವ ಯಜಮಾನ ತೀರಿಕೊಂಡಿದ್ದರೆ ವಾರಸುದಾರರನ್ನು ಹುಡುಕಿಕೊಂಡು ಹೋಗಬೇಕು. ಚಾಸಿ ನಂಬರ್ ತಾಳೆಯಾಗದಿದ್ದರೆ ಗಾಡಿ ಕಳ್ಳಮಾಲೂ ಇರಬಹುದು. 20 ವರ್ಷ ದಾಟಿದ ಮೋಟಾರ್ ಸೈಕಲ್ ನೋಂದಣಿ ನವೀಕರಣಕ್ಕೆ 2025ರ ಆಗಸ್ಟ್‌ನಿಂದ 2,000 ರೂ. ಶುಲ್ಕ. 50 ವರ್ಷ ದಾಟಿದ್ದಕ್ಕೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು. ಆದರೆ ಅಂಥ ಗಾಡಿಯನ್ನು ದಿನಾ ಅಂಗಡಿಗೆ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿಗಷ್ಟೇ.

ಆದ್ದರಿಂದ ಆರ್.ಸಿ. ಮೊದಲು, ಅಡ್ವಾನ್ಸ್ ಆಮೇಲೆ. ಗಾಡಿ ನೋಡೋಕೆ ಹೋಗುವಾಗ ಹಳೇ ಯೆಜ್ಡಿ ಬಿಚ್ಚಿ ಗೊತ್ತಿರೋ ಮೇಸ್ತ್ರಿ ಜೊತೆಗಿರಲಿ. ತುಸು ದುಬಾರಿಯಾದರೂ ಓಡುತ್ತಿರುವ, ಕಾಗದ ಸರಿಯಿರುವ ಗಾಡಿಯೇ ಕೊನೆಗೆ ಅಗ್ಗ. ಡುಗುಡುಗು ಸದ್ದು ಕೇಳೋಕೆ ಚೆಂದ. ಅದಕ್ಕಾಗಿ ಅಂಗಡಿಯ ಬಂಡವಾಳ ಮಾತ್ರ ಕರಗದಿರಲಿ.