ಕಂಪೈಲರ್ ಯಾವಾಗ ಎಚ್ಚರಿಸಬೇಕು?

ಡಿಪ್ಲೊಮಾ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. 'ಸಾರ್, ಸರಾಸರಿ ಅಂಕ 89.67 ಬರಬೇಕು. ನನ್ನ ಸಿ ಪ್ರೋಗ್ರಾಂ 89 ಅಂತ ತೋರಿಸುತ್ತೆ. ಕಂಪೈಲರ್ ಒಂದು ಮಾತೂ ಹೇಳಲಿಲ್ಲ' ಎಂದ. ನೋಡಿದರೆ, ಪೂರ್ಣಾಂಕಕ್ಕೆಂದು ಮೀಸಲಿಟ್ಟ ಜಾಗದಲ್ಲಿ ದಶಾಂಶ ಸಂಖ್ಯೆಯನ್ನು ತುಂಬಿದ್ದ!

ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವುದು ಕಂಪೈಲರಿನ ಕೆಲಸ. ಪೂರ್ಣಾಂಕ, ದಶಾಂಶ, ಅಕ್ಷರ ಹೀಗೆ ಪ್ರತಿ ಬಗೆಗೂ ಅದು ಬೇರೆ ಪಾತ್ರೆ ಇಡುತ್ತದೆ. ಪಾವಿನಲ್ಲಿರುವುದನ್ನು ಸೇರಿಗೆ ಸುರಿದರೆ ನಷ್ಟವಿಲ್ಲ. ಸೇರಿನಲ್ಲಿರುವುದನ್ನು ಪಾವಿಗೆ ಸುರಿದರೆ ಚೆಲ್ಲೀತು. ಎಚ್ಚರಿಕೆ ಬೇಕಾಗುವುದು ಇಲ್ಲಿ.

ಹಾಗಾದರೆ ಪ್ರತಿ ಸಲವೂ ಎಚ್ಚರಿಸಬಾರದೇಕೆ? ಉತ್ತರಪತ್ರಿಕೆಯ ಪ್ರತಿ ಸಾಲಿಗೂ ಕೆಂಪು ಗೆರೆ ಎಳೆದರೆ ವಿದ್ಯಾರ್ಥಿ ಒಂದನ್ನೂ ಓದುವುದಿಲ್ಲ. ಇದು ಮೇಷ್ಟರಾದ ನನ್ನ ಅನುಭವ. ಅದಕ್ಕೇ ಸಿ ಭಾಷೆಯ ಜಿಸಿಸಿ ಕಂಪೈಲರ್ ಇಂಥ ಕಡೆ ತಾನಾಗಿ ಎಚ್ಚರಿಸುವುದಿಲ್ಲ; '-ಡಬ್ಲ್ಯುಕನ್ವರ್ಷನ್' ಎಂಬ ಆಯ್ಕೆಯನ್ನು ನಾವೇ ಕೊಡಬೇಕು. ಜಾವಾ ಇನ್ನೂ ಕಟ್ಟುನಿಟ್ಟು. ನಷ್ಟವಾದರೂ ಸರಿ ಎಂದು ನಾವು ಬರೆದು ತಿಳಿಸದಿದ್ದರೆ ಪ್ರೋಗ್ರಾಮನ್ನೇ ತಿರಸ್ಕರಿಸುತ್ತದೆ. ಇನ್ನು ಪೂರ್ಣಾಂಕದ ಜಾಗಕ್ಕೆ ಒಂದು ಪದವನ್ನೇ ಹಾಕಿದರೆ? ಜಿಸಿಸಿ ಹಿಂದೆ ಇದಕ್ಕೆ ಎಚ್ಚರಿಕೆಯನ್ನಷ್ಟೇ ಕೊಡುತ್ತಿತ್ತು. 2024ರಲ್ಲಿ ಬಂದ 14ನೇ ಆವೃತ್ತಿಯಿಂದ ಅದನ್ನು ತಪ್ಪೆಂದೇ ಎಣಿಸುತ್ತದೆ.

ಬರೆದು ತಿಳಿಸಿದ ಮಾತ್ರಕ್ಕೆ ಅಪಾಯ ತಪ್ಪಿತೇ? 1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಯೂರೋಪಿನ ಏರಿಯಾನ್ 5 ರಾಕೆಟ್ ಮೊದಲ ಬಾರಿಗೆ ಮೇಲೇರಿತು. ಸುಮಾರು 40 ಸೆಕೆಂಡಿನಲ್ಲಿ ನಾಲ್ಕು ಕ್ಲಸ್ಟರ್ ಉಪಗ್ರಹಗಳ ಸಮೇತ ನಾಶವಾಯಿತು. ಮಾರ್ಗ ತೋರಿಸುವ ಗಣಕದಲ್ಲಿ 64 ಬಿಟ್‌ನ ದಶಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕವಾಗಿ ಬದಲಿಸುತ್ತಿದ್ದರು. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಬಂದದ್ದು ಅದಕ್ಕೂ ದೊಡ್ಡದು.

ಆ ಪ್ರೋಗ್ರಾಂ ಏಡಾ ಭಾಷೆಯದು. ಬಗೆ ಬದಲಿಸುವಾಗ ಬರೆದೇ ತಿಳಿಸಬೇಕೆಂಬುದು ಅದರ ನಿಯಮ. ತಜ್ಞರು ಬರೆದಿದ್ದರು. ಹೀಗಾಗಿ ಕಂಪೈಲರಿಗೆ ಆಕ್ಷೇಪಿಸಲು ಕಾರಣವಿರಲಿಲ್ಲ. ಏರಿಯಾನ್ 4ಕ್ಕಾಗಿ ಬರೆದ ಆ ಭಾಗ ಅಲ್ಲಿ ಮಿತಿಯೊಳಗೇ ಇತ್ತು. ಹೊಸ ರಾಕೆಟ್ಟಿನ ಅಡ್ಡ ದಿಕ್ಕಿನ ವೇಗ ಹೆಚ್ಚು. ಸಂಖ್ಯೆ ಮಿತಿ ಮೀರಿತು.

ನಮ್ಮ ಉದ್ದೇಶ ಅನುಮಾನಾಸ್ಪದವಾದಾಗ ಕಂಪೈಲರ್ ಎಚ್ಚರಿಸಬೇಕು. 'ನನಗೆ ಗೊತ್ತು' ಎಂದು ನಾವು ಬರೆದುಕೊಟ್ಟ ಮೇಲೆ ಹೊಣೆ ನಮ್ಮದೇ. ಆದ್ದರಿಂದ ವಿದ್ಯಾರ್ಥಿಗಳೇ, ಎಚ್ಚರಿಕೆಯ ಬಾಯಿ ಮುಚ್ಚಿಸಲೆಂದು ಬಗೆ ಬದಲಿಸಬೇಡಿ. ಇಲ್ಲಿ ಎಷ್ಟು ದೊಡ್ಡ ಸಂಖ್ಯೆ ಬರಬಹುದು ಎಂದು ಮೊದಲು ಲೆಕ್ಕ ಹಾಕಿ. ಪೋಷಕರೇ, 'ಪ್ರೋಗ್ರಾಂ ಓಡುತ್ತೆ, ಬರೀ ವಾರ್ನಿಂಗ್ ಅಷ್ಟೇ' ಎಂದು ಮಕ್ಕಳು ಅಂದರೆ, 'ಏನಂತೆ ಅದು, ಓದಿ ಹೇಳು' ಎನ್ನಿ.

ನನ್ನ ಶಿಷ್ಯ ಆ ಆಯ್ಕೆ ಕೊಟ್ಟು ಮತ್ತೆ ಕಂಪೈಲ್ ಮಾಡಿದ. ತಪ್ಪಿದ್ದ ಸಾಲನ್ನೇ ಕಂಪೈಲರ್ ಬೆರಳಿಟ್ಟು ತೋರಿಸಿತು.