ಹಿಂಬದಿ ಹಲ್ಲಿನ ಹಾವು: ವಿಷದಲ್ಲಿ ಮದ್ದಿನ ಹುಡುಕಾಟ

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಹುಡುಗರು ಸತ್ತ ಹಸಿರು ಹಾವೊಂದನ್ನು ಕೋಲಿನ ತುದಿಯಲ್ಲಿ ನೇತುಹಾಕಿಕೊಂಡು ಬಂದರು. "ಇದು ಕಣ್ಣಿಗೆ ಕುಕ್ಕುತ್ತದೆ ಸರ್, ಅದಕ್ಕೇ ಕೊಂದೆವು" ಅಂದರು. ನೀವೂ ಈ ಮಾತು ಕೇಳಿದ್ದೀರಿ, ಅಲ್ವಾ? ನಿಜವಾಗಿ ಅದು ಗಿಡ, ಬೇಲಿಗಳಲ್ಲಿ ಓತಿ, ಕಪ್ಪೆ ಹಿಡಿದು ತಿನ್ನುವ ಹಾವು. ಅದು ನಮ್ಮ ಕಣ್ಣು ಹುಡುಕಿಕೊಂಡು ಬರುವುದಿಲ್ಲ.

ನಾಗರಹಾವಿನ ವಿಷದ ಹಲ್ಲು ಬಾಯಿಯ ಮುಂಭಾಗದಲ್ಲಿದೆ. ಇಂಜೆಕ್ಷನ್ ಸೂಜಿಯಂತೆ ವಿಷವನ್ನು ಒಳಗೆ ಇಳಿಸುತ್ತದೆ. ಹಸಿರು ಹಾವಿನ ವಿಷದ ಹಲ್ಲು ಹಿಂಭಾಗದಲ್ಲಿದೆ, ಅದರ ಮೇಲೊಂದು ಗೀರು. ಬೇಟೆಯನ್ನು ಕಚ್ಚಿ ಅಗಿಯುವಾಗ ವಿಷ ಆ ಗೀರಿನಲ್ಲಿ ಜಿನುಗುತ್ತದೆ. ಹಸಿರು ಹಾವಿನ ಕಡಿತದಿಂದ ನಮಗೆ ಸಾಮಾನ್ಯವಾಗಿ ಬಾವು, ನೋವು ಅಷ್ಟೇ.

ಹಾಗಂತ ಹಿಂಬದಿ ಹಲ್ಲಿನ ಹಾವುಗಳೆಲ್ಲ ಸಾಧು ಎಂದುಕೊಳ್ಳಬೇಡಿ. 1957ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಹಾವುಗಳ ತಜ್ಞ ಕಾರ್ಲ್ ಷ್ಮಿಟ್ ಅವರಿಗೆ ಆಫ್ರಿಕದ ಬೂಮ್‌ಸ್ಲ್ಯಾಂಗ್ ಮರಿಯೊಂದು ಕಚ್ಚಿತು. ಅಪಾಯವಿಲ್ಲವೆಂದು ಅವರು ತಮ್ಮ ಲಕ್ಷಣಗಳನ್ನು ಬರೆಯುತ್ತಾ ಕುಳಿತರು. ಮರುದಿನ ದೇಹದೊಳಗಿನ ರಕ್ತಸ್ರಾವದಿಂದ ತೀರಿಕೊಂಡರು.

ಇಂಥ ವಿಷದಲ್ಲಿ ಮದ್ದು ಹುಡುಕುವುದು ಯಾಕೆ? ಆಗ್ನೇಯ ಏಷ್ಯಾದ ಮ್ಯಾಂಗ್ರೋವ್ ಹಾವಿನ ವಿಷದಲ್ಲಿ ಡೆನ್ಮೋಟಾಕ್ಸಿನ್ ಎಂಬ ಪ್ರೋಟೀನ್ ಇದೆ. 2006ರಲ್ಲಿ ಇದರ ಗುಣ ವರದಿಯಾಯಿತು. ನರದ ಸಂದೇಶ ಸ್ನಾಯುವಿಗೆ ತಲುಪುವ ಜಾಗದಲ್ಲಿ ಅದು ಅಂಟಿಕೊಳ್ಳುತ್ತದೆ. ಕೋಳಿಮರಿಯ ಸ್ನಾಯುವಿನಲ್ಲಿ ಅಂಟಿದರೆ ಬಿಡುವುದೇ ಇಲ್ಲ. ಇಲಿಯ ಸ್ನಾಯುವಿನಲ್ಲಿ ಪ್ರಭಾವ ಸುಮಾರು 100 ಪಟ್ಟು ಕಡಿಮೆ, ತೊಳೆದರೆ ಬಿಟ್ಟುಹೋಗುತ್ತದೆ. ಕಿಣ್ವಗಳ ಪಾಠದ ಬೀಗ, ಬೀಗದ ಕೈ ನೆನಪಿದೆಯಾ? ಇದು ಹಕ್ಕಿಯ ಬೀಗಕ್ಕೆ ಸರಿಹೊಂದುವ ಕೈ. ಒಳ್ಳೆಯ ಔಷಧಕ್ಕೂ ಇದೇ ಗುಣ ಬೇಕು: ಬೇಕಾದ ಜಾಗಕ್ಕೆ ಮಾತ್ರ ತಾಗಬೇಕು.

ಇದು ಬರೀ ಕನಸಲ್ಲ. ಬ್ರೆಜಿಲ್‌ನ ಜರರಾಕಾ ಎಂಬ, ಮುಂದೆ ವಿಷದ ಹಲ್ಲಿರುವ ಹಾವಿನ ವಿಷದ ಅಧ್ಯಯನದಿಂದಲೇ ರಕ್ತದೊತ್ತಡದ ಮದ್ದು ಕ್ಯಾಪ್ಟೊಪ್ರಿಲ್ ಹುಟ್ಟಿತು. 1981ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹಿಂಬದಿ ಹಲ್ಲಿನ ಹಾವುಗಳ ಅಧ್ಯಯನ ಹಿಂದೆ ಉಳಿದಿದೆ. ಅವು ಕೊಡುವ ವಿಷ ಬಹಳ ಕಡಿಮೆ. ಹಾವಿಗೆ ಅರಿವಳಿಕೆ ಕೊಟ್ಟು, ಹಿಂದಿನ ಹಲ್ಲಿಗೆ ಸಪೂರ ಕೊಳವೆ ಹಿಡಿದು, ತಾಳ್ಮೆಯಿಂದ ಸಂಗ್ರಹಿಸಬೇಕು.

ಕೋಲಿನ ತುದಿಯಲ್ಲಿದ್ದ ಆ ಹಾವಿನ ವಿಷದಲ್ಲಿ ಯಾವ ಬೀಗದ ಕೈ ಇತ್ತೋ! ಹಾವು ಕಂಡರೆ ದೂರ ನಿಲ್ಲಿ, ಮುಟ್ಟಬೇಡಿ, ಕೊಲ್ಲಬೇಡಿ. ಯಾವ ಹಾವು ಕಚ್ಚಿದರೂ ಮೊದಲು ಆಸ್ಪತ್ರೆ.

ಮಾಡಿ ನೋಡಿ: ಹಸಿರು ಹಾವಿನ ಬಗ್ಗೆ ಮನೆಯ ಹಿರಿಯರು ಹೇಳುವ ಮೂರು ಮಾತು ಬರೆದು ತನ್ನಿ. ಯಾವುದು ನಿಜ, ತರಗತಿಯಲ್ಲಿ ಚರ್ಚಿಸೋಣ.